ಫ್ಯಾನಿನೊಳಗಿನ ರಜಾಯಿ

ಮೈಕಮ್ಮ ಮನೆಯೊಳಗೆ ಪಿಸುಗುಟ್ಟಿದರೂ ಎದುರು ಮನೆಯವರು ಬ್ಯಾಗು ಹಿಡಿದು ಬಸ್ಸಿಗೆ ಹೊರಟುಬಿಡುತ್ತಾರೆ ಎಂದು ಅವಳ ಮಗ ಹಿಂದೆಲ್ಲ ತಮಾಷೆ ಮಾಡುತ್ತಿದ್ದ. ಆ ಮನೆಯಲ್ಲಿ ತಮಾಷೆಗೆ ಜಾಗವಿದ್ದ ಕಾಲ ಅದು.

ನಿವೃತ್ತಿಯಾಗುವವರೆಗೂ ಅವಳು ಬಸ್ ನಿಲ್ದಾಣದ ಗಾಜಿನ ಕೋಣೆಯಲ್ಲಿ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾರ ಮಗು ಕಳೆದುಹೋಗಿ ಅಳುತ್ತಿದೆ ಎಂದು ಮೈಕಿನಲ್ಲಿ ಹೇಳಿದವಳು. ಸ್ವಂತ ಹೆಸರು ಯಾವತ್ತೋ ಸವೆದುಹೋಗಿ ಮೈಕಮ್ಮ ಎಂಬುದೊಂದೇ ಉಳಿದಿತ್ತು. ಕೆಲಸ ಮುಗಿದ ಮೇಲೆ ಬಾಯಿಗೆ ಬೀಗ ಬಿದ್ದಂತಾಗಿ ಒದ್ದಾಡುತ್ತಿದ್ದಾಗ, ಕಣ್ಣು ಕಾಣದವರಿಗಾಗಿ ಪುಸ್ತಕ ಓದಿಸಿ ಧ್ವನಿಮುದ್ರಿಸಿಕೊಳ್ಳುವ ಒಂದು ಗ್ರಂಥಾಲಯ ಅವಳಿಗೆ ಸಿಕ್ಕಿತು. ಮೊಮ್ಮಗಳು ಕಾಲೇಜಿಗೆಂದು ಹೊಸ ಲ್ಯಾಪ್‌ಟಾಪ್ ಕೊಂಡು ಹಳೆಯದನ್ನು ಅಜ್ಜಿಯ ಮಡಿಲಿಗೆ ಹಾಕಿದಳು. ಯಾವ ಗುಂಡಿ ಒತ್ತಿದರೆ ದನಿ ಹಿಡಿಯುತ್ತದೆ, ಯಾವುದು ಒತ್ತಿದರೆ ಕಳಿಸುತ್ತದೆ ಎಂದು ತೋರಿಸಿಕೊಟ್ಟಳು. ಮೈಕಮ್ಮನ ಜೀವ ಮತ್ತೆ ಜಾಗಕ್ಕೆ ಬಂತು.

ಮನೆಯ ಹಿಂದಿನ ಕೋಣೆ ಅವಳದು. ಬರಿಗೋಡೆಯ ನಡುವೆ ಓದಿದರೆ ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳುತ್ತದೆ ಎಂದು ಗ್ರಂಥಾಲಯದವನು ಹೇಳಿದ್ದರಿಂದ, ಮಂಚದ ಸೊಳ್ಳೆಪರದೆಯ ಕೋಲುಗಳ ಮೇಲೆ ನಾಲ್ಕೂ ಕಡೆ ಹತ್ತಿಯ ರಜಾಯಿಗಳನ್ನು ಇಳಿಬಿಟ್ಟು ಗುಡಾರ ಮಾಡಿಕೊಂಡಿದ್ದಳು. ಮಂಚದ ಮೇಲೆ ಚಕ್ಕಂಬಕ್ಕಳ ಹಾಕಿ, ಮಡಿಲಲ್ಲೊಂದು ಮೆತ್ತನೆಯ ರಜಾಯಿ ಮಡಿಸಿಟ್ಟು, ಅದರ ಮೇಲೆ ಲ್ಯಾಪ್‌ಟಾಪನ್ನು ಕೂರಿಸಿಕೊಂಡು ಓದುತ್ತಿದ್ದಳು. ಮಗುವನ್ನೂ ಅಷ್ಟು ಬೆಚ್ಚಗೆ ಯಾರೂ ಸಾಕುವುದಿಲ್ಲ.

ರಜಾಯಿಗಳಿಗೇನೂ ಬರವಿರಲಿಲ್ಲ. ಮುಂದಿನ ಕೋಣೆಯಲ್ಲಿ ಸೊಸೆ ಲಾಡ್ಜುಗಳಿಗೆ, ಆಸ್ಪತ್ರೆಗಳಿಗೆ ರಜಾಯಿ ಹೊಲಿದು ಕೊಡುತ್ತಿದ್ದಳು. ಹೊಲಿಗೆ ತಪ್ಪಿ ವಾಪಸ್ಸಾದವು ಅತ್ತೆಯ ಗುಡಾರಕ್ಕೆ ಹೋಗುತ್ತಿದ್ದವು. ಆ ಮನೆಯಲ್ಲಿ ಹತ್ತಿ ಎಲ್ಲೆಲ್ಲೂ ಹಾರುತ್ತಿತ್ತು. ಊಟಕ್ಕೆ ಕೂತವರು ತಟ್ಟೆಯಿಂದ ಒಂದು ಎಳೆ ತೆಗೆದು ಕೊಡವಿ, ಏನೂ ಆಗದವರ ಹಾಗೆ ತುತ್ತು ಬಾಯಿಗಿಡುತ್ತಿದ್ದರು.

ಮೈಕಮ್ಮ ಓದುತ್ತಿದ್ದದ್ದು ಒಂದು ದಪ್ಪನೆಯ ಪತ್ತೇದಾರಿ ಕಾದಂಬರಿ. ಗಡಿಯಾರದಂಗಡಿಯ ಮಾಲೀಕನೊಬ್ಬ ತನ್ನ ಅಂಗಡಿಯಲ್ಲೇ ಕೊಲೆಯಾಗಿ ಬಿದ್ದಿದ್ದಾನೆ. ಅನುಮಾನ ಎಲ್ಲರ ಮೇಲೂ ಇದೆ. ತಿಂಗಳುಗಟ್ಟಲೆ ಓದಿ ಕೊನೆಯ ಅಧ್ಯಾಯಗಳ ಹತ್ತಿರ ಬಂದಾಗ ಗ್ರಂಥಾಲಯದಿಂದ ಫೋನು ಬಂತು. ಕಳಿಸಿದ ಓದನ್ನೆಲ್ಲ ಮೊದಲು ಕೇಳಿ ಒಪ್ಪುವ ಗುಮಾಸ್ತನೊಬ್ಬನಿದ್ದ, ಅವನೇ.

"ಮೇಡಂ, ಈ ಸಲ ಹಿಂದೆ ಏನೋ ಕೀರಲು ಸದ್ದು ಬರ್ತಿದೆ. ಉದ್ದಕ್ಕೂ ಇದೆ. ಇನ್ನೊಂದ್ಸಲ ಓದಿ ಕಳಿಸ್ತೀರಾ?"

ಮೈಕಮ್ಮ ಕಿವಿಗೆ ಇಯರ್‌ಫೋನ್ ಚುಚ್ಚಿಕೊಂಡು ಕೇಳಿದಳು. ತನ್ನ ದನಿಯ ಹೊರತು ಬೇರೇನೂ ಕೇಳಿಸಲಿಲ್ಲ. ಆದರೆ ಆ ಗುಮಾಸ್ತ ಸುಮ್ಮಸುಮ್ಮನೆ ಹೇಳುವವನಲ್ಲ. ಅದೇ ಹೊತ್ತಿಗೆ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು ಕಟಕಟ ಎನ್ನುತ್ತಿತ್ತು. ಇದಕ್ಕಿಂತ ಸಾಕ್ಷಿ ಬೇಕೆ? ಅವಳು ನೇರ ಮುಂದಿನ ಕೋಣೆಗೆ ಹೋದಳು.

"ನಿನ್ನ ಮಿಷನ್ನು ನನ್ನ ಪುಸ್ತಕದೊಳಗೆ ಬಂದು ಕೂತಿದೆ."

ಸೊಸೆ ತಲೆ ಎತ್ತಲಿಲ್ಲ. "ಮಿಷನ್ನು ಇಲ್ಲೇ ಇದೆಯಲ್ಲ ಅತ್ತೆ."

"ಹುಡುಗಾಟ ಬೇಡ. ಕೀರಲು ಸದ್ದು ಅಂತ ವಾಪಸ್ ಕಳಿಸಿದಾರೆ."

"ನನ್ನ ಮಿಷನ್ನು ಕಟಕಟ ಅನ್ನುತ್ತೆ, ಕೀರಲ್ಲ. ಮೊನ್ನೆ ತಾನೇ ಎಣ್ಣೆ ಬಿಟ್ಟಿದೀನಿ."

"ಅಂದ್ರೆ ನಾನು ಸುಳ್ಳು ಹೇಳ್ತೀನಾ?"

"ನೀವು ಸುಳ್ಳು ಹೇಳ್ತೀರಿ ಅಂತ ನಾನೆಲ್ಲಿ ಅಂದೆ? ಮಿಷನ್ನು ನಿಜ ಹೇಳುತ್ತೆ ಅಂದೆ, ಅಷ್ಟೆ."

ರಾತ್ರಿ ಊಟದ ಹೊತ್ತಿಗೆ ಜಗಳ ಮಗನ ತಟ್ಟೆಯ ಮುಂದೆ ಬಂತು. ಅವನು ಡ್ರೈವಿಂಗ್ ಶಾಲೆಯಲ್ಲಿ ಕಲಿಸುವವನು. ಇಡೀ ದಿನ ಬೇರೆಯವರ ಪಕ್ಕ ಕೂತು, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಬದುಕುವ ಮನುಷ್ಯ. ಮನೆಯಲ್ಲೂ ಅವನಿಗೆ ಗೊತ್ತಿದ್ದ ಉಪಾಯ ಒಂದೇ, ಎಲ್ಲರನ್ನೂ ನಿಲ್ಲಿಸುವುದು.

"ಮಧ್ಯಾಹ್ನ ಊಟ ಆದ್ಮೇಲಿಂದ ಚಹಾ ಹೊತ್ತಿನ ತನಕ ಮಿಷನ್ ನಿಲ್ಸು," ಎಂದ ಹೆಂಡತಿಗೆ.

"ಲಾಡ್ಜಿನವರಿಗೆ ಯಾರು ಉತ್ತರ ಕೊಡ್ತಾರೆ? ನೀವಾ?"

"ಬೆಳಿಗ್ಗೆ ಸ್ವಲ್ಪ ಬೇಗ ಶುರು ಮಾಡು."

"ಬೆಳಿಗ್ಗೆ ಬೇಗ ತಿಂಡಿ ಯಾರು ಮಾಡ್ತಾರೆ? ಅದೂ ನೀವಾ?"

ಮೊಮ್ಮಗಳು ನಕ್ಕುಬಿಟ್ಟಳು. ಅಪ್ಪ ಕಣ್ಣು ಬಿಟ್ಟಿದ್ದಕ್ಕೆ ತಟ್ಟೆಯೊಳಗಿನ ಆಲೂಗಡ್ಡೆ ನೋಡತೊಡಗಿದಳು.

ಮಾರನೇ ದಿನದಿಂದ ಮಧ್ಯಾಹ್ನ ಮಿಷನ್ನು ನಿಂತಿತು. ಸೊಸೆ ತಿಂಡಿಯ ಕೆಲಸವನ್ನು ಗಂಡನ ತಲೆಗೆ ಕಟ್ಟಿದಳು. ಅವನು ಬ್ರೆಡ್ಡು ಸುಟ್ಟು, ಮೊಟ್ಟೆ ಅರ್ಧಂಬರ್ಧ ಬೇಯಿಸಿ, ಎಲ್ಲರ ಬಾಯಿಗೂ ಬಿದ್ದ. ಮಿಷನ್ನು ನಿಂತ ಹೊತ್ತಿನಲ್ಲಿ ಸೊಸೆ ರಜಾಯಿಯ ಅಂಚನ್ನು ಕೈಯಲ್ಲೇ ಹೊಲಿಯುತ್ತ, ಎರಡು ಕೋಣೆಗಳ ನಡುವಿನ ಗೋಡೆಗೆ ಒರಗಿ ಕೂರುತ್ತಿದ್ದಳು. ಮೈಕಮ್ಮ ಅದನ್ನು ಮುನಿಸು ಎಂದುಕೊಂಡಳು. ಮುನಿಸಾದರೂ ಇರಲಿ, ಸದ್ದಿಲ್ಲವಲ್ಲ ಎಂದು ಸಮಾಧಾನಪಟ್ಟಳು.

ಓದು ಮತ್ತೆ ವಾಪಸ್ ಬಂತು.

ಈಗ ಮೈಕಮ್ಮನ ಕಣ್ಣು ಫ್ರಿಜ್ಜಿನ ಮೇಲೆ ಬಿತ್ತು. ಯಾರಿಗೂ ಹೇಳದೆ ಅದರ ಸ್ವಿಚ್ಚು ಆರಿಸಿ ಓದಿದಳು, ಮತ್ತೆ ಹಾಕುವುದನ್ನು ಮರೆತಳು. ಸಂಜೆ ಹಾಲು ಒಡೆದಿತ್ತು. ಮೊಮ್ಮಗಳು ಬಚ್ಚಿಟ್ಟುಕೊಂಡಿದ್ದ ಐಸ್‌ಕ್ರೀಮು ನೀರಾಗಿ ತಟ್ಟೆ ತುಂಬಾ ಹರಿದಿತ್ತು.

"ಅಮ್ಮಾ, ಇನ್ನೇನು ಉಳೀತು? ನನ್ನ ಉಸಿರಾಟಾನೂ ಆರಿಸ್ತೀಯಾ?" ಎಂದ ಮಗ.

"ಗೊರಕೆ ಮಾತ್ರ ಆರಿಸ್ಕೊ, ಸಾಕು."

"ಒಂದು ಕೆಲಸ ಮಾಡೋಣ," ಎಂದಳು ಸೊಸೆ. ಅವಳ ದನಿ ತಣ್ಣಗಿತ್ತು. "ಭಾನುವಾರ ನಾವು ಮೂರೂ ಜನ ಮನೆ ಬಿಟ್ಟು ಹೋಗ್ತೀವಿ. ಮಿಷನ್ನಿಲ್ಲ, ಫ್ರಿಜ್ಜಿಲ್ಲ, ಗೊರಕೆ ಇಲ್ಲ. ಅತ್ತೆ ಒಬ್ರೇ ಇದ್ದು ಓದ್ಲಿ. ಆಗ್ಲೂ ವಾಪಸ್ ಬಂದ್ರೆ ನನ್ನ ಮಿಷನ್ನಿನ ಸುದ್ದಿಗೆ ಯಾರೂ ಬರಬಾರ್ದು."

"ಆಗ್ಲಿ," ಎಂದಳು ಮೈಕಮ್ಮ.

ಭಾನುವಾರ ಮೂವರೂ ಹೊರಗೆ ಹೋದರು. ಮೈಕಮ್ಮ ಗೋಡೆ ಗಡಿಯಾರದ ಬ್ಯಾಟರಿಯನ್ನೂ ಕಿತ್ತಿಟ್ಟು ಗುಡಾರದೊಳಗೆ ಹೊಕ್ಕಳು. ಅವಳು ಅಷ್ಟು ಚೆನ್ನಾಗಿ ಎಂದೂ ಓದಿರಲಿಲ್ಲ. ಸಾಯುವ ಮುಂಚೆ ಮಾಲೀಕ ಹೇಳಿದ ಮಾತು ಬಂದಾಗ ದನಿಯನ್ನು ಅವನ ಕೊನೆಯುಸಿರಿನಷ್ಟಕ್ಕೆ ಇಳಿಸಿದಳು. ಇನ್ನೂ ಓದು ಮುಗಿದಿರಲಿಲ್ಲ, ಮೊಮ್ಮಗಳು ಬಿಸಿಲಿಗೆ ತಲೆನೋವೆಂದು ಮೊದಲೇ ವಾಪಸ್ ಬಂದು ರಜಾಯಿ ಎತ್ತಿ ಒಳಗೆ ಇಣುಕಿದಳು.

"ಅಜ್ಜಿ! ಲ್ಯಾಪ್‌ಟಾಪ್ ಹಿಂಗ್ಯಾಕೆ ಕಿರುಚ್ಕೋತಿದೆ?"

"ಯಾವುದು?"

"ಇದೇ. ಕುಯ್ಯೋ ಅಂತಿದೆಯಲ್ಲ. ನಿಂಗೆ ಕೇಳಿಸ್ತಿಲ್ವಾ?"

ಮೈಕಮ್ಮ ಬಗ್ಗಿ ಕಿವಿಯನ್ನು ಲ್ಯಾಪ್‌ಟಾಪಿನ ಪಕ್ಕಕ್ಕೇ ಹಿಡಿದಳು. ಕಿವಿಗೆ ಬಿಸಿ ತಾಗಿತು. ಸದ್ದು ತಾಗಲಿಲ್ಲ. ಬಸ್ಸುಗಳ ಹಾರನ್ನಿನ ನಡುವೆ ಕಳೆದ ವರ್ಷಗಳು ತನ್ನ ಕಿವಿಯಿಂದ ಏನನ್ನು ತೆಗೆದುಕೊಂಡು ಹೋಗಿವೆ ಎಂಬುದು ಅವಳಿಗೆ ಆ ಭಾನುವಾರ ಗೊತ್ತಾಯಿತು. ಹೆದರಿದಳು. ಹೆದರಿದ್ದಕ್ಕೆ ಸಿಟ್ಟೂ ಬಂತು.

ಆ ಓದನ್ನೇ ಕಳಿಸಿದ ಮೇಲೆ ಗುಮಾಸ್ತನೂ ಈ ಸಲ ಮುಚ್ಚುಮರೆ ಮಾಡಲಿಲ್ಲ. "ಮೇಡಂ, ಒಂದು ಪುಸ್ತಕಕ್ಕೆ ಒಂದೇ ದನಿ ಇರ್ಬೇಕು ಅನ್ನೋದು ನಮ್ಮ ನಿಯಮ. ಈ ತಿಂಗಳು ಮುಗಿಯೋದ್ರೊಳಗೆ ಕೊನೇ ಅಧ್ಯಾಯಗಳು ಸರಿಯಾಗಿ ಬರಲಿಲ್ಲ ಅಂದ್ರೆ ಇಡೀ ಪುಸ್ತಕಾನ ಮೊದಲಿಂದ ಬೇರೆಯವರ ಹತ್ರ ಓದಿಸ್ತೀವಿ. ನೀವು ಓದಿದ್ದು ತೆಗೆದುಹಾಕ್ಬೇಕಾಗುತ್ತೆ."

ಮನೆಯಲ್ಲಿ ಸುದ್ದಿ ಹರಡಲು ಹೊತ್ತು ಬೇಕಾಗಲಿಲ್ಲ. ಊಟಕ್ಕೆ ಕೂತಾಗ ಸೊಸೆ ಒಂದು ಮಾತೂ ಆಡಲಿಲ್ಲ. ಅತ್ತೆಯ ತಟ್ಟೆಗೆ ಸೊಪ್ಪಿನ ಪಲ್ಯ ಬಡಿಸಿ, ತನ್ನ ಪಾಡಿಗೆ ತಾನು ಉಂಡಳು. ಅವಳು ಒಂದೆರಡು ಮಾತು ಆಡಿದ್ದರೆ ಮೈಕಮ್ಮನಿಗೆ ತುತ್ತು ಇಳಿಯುತ್ತಿತ್ತು.

ಆಡಿದವನು ಮಗ. "ಅಮ್ಮಾ, ಕಿವಿ ಡಾಕ್ಟರಿಗೆ ತೋರಿಸೋಣ. ಓದೋದೆಲ್ಲ ಸಾಕಿನ್ನು. ವಯಸ್ಸಾಯ್ತು, ಆರಾಮಾಗಿರು."

"ನಾನು ಓದೋದು ಬಾಯಲ್ಲಿ, ಕಿವಿಯಲ್ಲಲ್ಲ."

"ನಿಂಗೆ ಕೇಳಿಸದೆ ಇರೋ ಸದ್ದಿಗೆ ಇವಳ ಮೇಲೆ ಗೂಬೆ ಕೂರಿಸ್ದೆ. ಆರ್ಡರು ತಡ ಆಯ್ತು, ಹಾಲು ಒಡೀತು. ಇನ್ನೂ ಹಟನಾ? ಹಿಂದಿನ ಕೋಣೇಲಿ ಇವಳಿಗೆ ಬಟ್ಟೆ ಕತ್ತರಿಸೋ ಮೇಜು ಹಾಕಿಸ್ತೀನಿ. ನಿನ್ನ ಮಂಚ ಹಾಲಿಗೆ ಹಾಕೋಣ. ಟೀವಿನೂ ಹತ್ರ ಇರುತ್ತೆ."

"ಟೀವಿ ನೋಡಿ ನೋಡಿ ಸಾಯ್ಲಿ ಅಂತಲಾ?"

"ಏನಮ್ಮಾ ಮಾತಿದು?"

"ನೀನಾಡಿದ್ದೇ. ನಾನು ಸ್ವಲ್ಪ ಬಿಡಿಸಿ ಹೇಳ್ದೆ."

ಮಗ ಮಾತಿಗೆ ತಕ್ಕಂತೆ ವಾರದೊಳಗೆ ಬಡಗಿಯನ್ನು ಕರೆತಂದ. ಬಡಗಿ ಟೇಪು ಹಿಡಿದು ಗುಡಾರದ ಸುತ್ತ ಅಳೆದ. ಮೈಕಮ್ಮ ಮಂಚದಿಂದ ಇಳಿಯಲಿಲ್ಲ. ಅವಳು ಕಾಲು ಮಡಿಸಿಕೊಳ್ಳಲಿ ಎಂದು ಅವನು ಕಾದ, ಅವಳು ಮಡಿಸಿಕೊಳ್ಳಲಿಲ್ಲ. ಕೊನೆಗೆ ಅವಳ ಕಾಲನ್ನೂ ಸೇರಿಸಿಯೇ ಅಳೆದುಕೊಂಡು ಹೋದ.

ಅಳತೆಯವನು ಹೋದದ್ದೇ ತಡ ಮೈಕಮ್ಮ ಕಾರಿಗೆ ಗಾಳಿ ತುಂಬುವ ಕಾಲಿನ ಪಂಪನ್ನು ಮೂಲೆಯಿಂದ ಎಳೆದಳು. ಲ್ಯಾಪ್‌ಟಾಪಿನ ಪಕ್ಕದಲ್ಲಿ, ತಳದಲ್ಲಿ ಗಾಳಿ ಹೋಗಿಬರುವ ಕಿಂಡಿಗಳಿವೆ, ಅಲ್ಲಿ ಧೂಳು ಕಟ್ಟಿಕೊಂಡಿರಬೇಕು ಎಂದು ಮೊಮ್ಮಗಳು ಹೇಳಿದ್ದಳು. ಕಟ್ಟಿಕೊಂಡಿದ್ದರೆ ಊದಿ ಬಿಡಿಸಿದರಾಯಿತು. ಕಿಂಡಿಗೆ ಕೊಳವೆ ಹಿಡಿದು ಪಂಪನ್ನು ದಬದಬ ತುಳಿದಳು. ಒಂದು ಮೋಡದಷ್ಟು ಧೂಳು ಮುಖಕ್ಕೆ ರಾಚಿತು. ಸೀನಿ ಸೀನಿ ಸುಸ್ತಾದರೂ ಖುಷಿಯಾಯಿತು.

ಆದರೆ ಹೊರಬಂದದ್ದು ಸ್ವಲ್ಪ, ಒಳಗೆ ಹೋಗಿ ಕೂತದ್ದೇ ಹೆಚ್ಚು. ಹೊರಗಿನಿಂದ ಊದಿದ ಗಾಳಿ, ಕಿಂಡಿಯಲ್ಲಿದ್ದ ಹತ್ತಿಯನ್ನು ಫ್ಯಾನಿನ ರೆಕ್ಕೆಗಳ ನಡುವಿಗೆ ನೂಕಿಬಿಟ್ಟಿತ್ತು. ಓದಲು ಕೂತು ಒಂದು ಪುಟ ದಾಟುವಷ್ಟರಲ್ಲಿ ಲ್ಯಾಪ್‌ಟಾಪ್ ಕೆಂಡದಂತೆ ಕಾದು, ವಾಕ್ಯದ ನಡುವೆ ಆರಿಹೋಯಿತು. ಮತ್ತೆ ಹಾಕಿದರೆ ಮತ್ತೆ ಆರಿತು. ಈಗ ಒಳಗಿನಿಂದ ಗರಗರ ಎಂಬ ಸದ್ದೂ ಬಂತು, ಅದು ಅವಳಿಗೂ ಕೇಳಿಸಿತು.

ಅಂಗಡಿಗೆ ಹೊತ್ತೊಯ್ದಳು. ರಿಪೇರಿಯವನು ತಿರುಗಿಸಿ ಮುರುಗಿಸಿ ನೋಡಿ, "ಹಳೇದಾಯ್ತು ಅಮ್ಮ, ಇದಕ್ಕೆ ನಾವು ಕೈ ಹಾಕಲ್ಲ. ಬಿಚ್ಚಿದ್ರೆ ಸತ್ತುಹೋಗ್ಬಹುದು. ಹೊಸದು ತಗೊಳ್ಳಿ," ಎಂದು ಗಾಜಿನ ಕಪಾಟು ತೋರಿಸಿದ. ಮಗನಿಗೆ ಇಷ್ಟೇ ಬೇಕಿತ್ತು. "ಕೇಳಿದ್ಯಲ್ಲ? ಬಿಚ್ಚಬೇಡ. ಮುಟ್ಟಲೂ ಬೇಡ. ಮುಗೀತು," ಎಂದ.

ಅದೇ ದಿನ ಆಸ್ಪತ್ರೆಯೊಂದರ ಟೆಲಿಫೋನ್ ಆಪರೇಟರೊಬ್ಬ ಫೋನು ಮಾಡಿದ. ಅವನಿಗೆ ಕಣ್ಣು ಕಾಣದು. ಮೈಕಮ್ಮ ಓದಿದ್ದನ್ನು ಕಂತುಕಂತಾಗಿ ಕೇಳುತ್ತಿದ್ದವನು, ಗ್ರಂಥಾಲಯದವರನ್ನು ಕಾಡಿ ಅವಳ ನಂಬರು ಗಿಟ್ಟಿಸಿಕೊಂಡಿದ್ದ.

"ಏನ್ ತಾಯಿ, ಕೊಲೆಗಾರ ಯಾರು ಅಂತ ಹೇಳದೆ ನಡುನೀರಲ್ಲಿ ಕೈಬಿಟ್ರಲ್ಲ! ಬೇರೆ ಯಾರೋ ಮೊದಲಿಂದ ಓದ್ತಾರಂತೆ. ನಂಗೆ ಬೇಡ ಅವರ ದನಿ. ಆ ಪತ್ತೇದಾರ ನಿಮ್ಮ ದನಿಯಲ್ಲೇ ಸಿಗರೇಟು ಸೇದ್ತಾನೆ."

"ನಾನೇ ಮುಗಿಸ್ತೀನಿ," ಎಂದಳು ಮೈಕಮ್ಮ. ಹೇಗೆಂದು ಗೊತ್ತಿರಲಿಲ್ಲ.

ಮರುದಿನ ಮಗ ಕೆಲಸಕ್ಕೆ ಹೋದ ಮೇಲೆ ಅವಳು ಮುಂದಿನ ಕೋಣೆಯ ಬಾಗಿಲಲ್ಲಿ ನಿಂತಳು. ಸೊಸೆ ಮಿಷನ್ನಿನ ಬಾಯಿಯಿಂದ ಹತ್ತಿಯ ಎಳೆಗಳನ್ನು ಸಣ್ಣ ಬ್ರಷ್ಷಿನಲ್ಲಿ ಗುಡಿಸಿ ತೆಗೆಯುತ್ತಿದ್ದಳು. ಕೆಲಸ ಶುರು ಮಾಡುವ ಮುಂಚೆ ದಿನಾ ಮಾಡುವುದೇ. ಪಕ್ಕದಲ್ಲಿ ತಗಡಿನ ಡಬ್ಬಿ, ಅದರೊಳಗೆ ಚಿಮುಟ, ಸಣ್ಣ ಸ್ಕ್ರೂಡ್ರೈವರುಗಳು.

"ಆ ಡಬ್ಬಿ ಬೇಕಿತ್ತು," ಎಂದಳು ಮೈಕಮ್ಮ.

ಸೊಸೆ ಬ್ರಷ್ಷು ಕೆಳಗಿಟ್ಟಳು.

"ಮಿಷನ್ನಿನ ಮೇಲೆ ಹೊರಿಸಿದ್ದು ತಪ್ಪು. ನಂದೇ ತಪ್ಪು. ಅದಕ್ಕೆ ಏನ್ ಬೇಕಾದ್ರೂ ಅನ್ನು, ನಿಂತು ಕೇಳಿಸ್ಕೋತೀನಿ. ಆದ್ರೆ ಓದೋದು ಬಿಡಿ ಅಂತ ಮಾತ್ರ ನೀನೂ ಅನ್ಬೇಡ. ಅದನ್ನ ಕೇಳಿಸ್ಕೊಳ್ಳಲ್ಲ."

"ಕೇಳಿಸ್ಕೋತೀರಾ?" ಸೊಸೆಯ ತುಟಿಯಂಚು ಅಲುಗಿತು. "ಹಾಗಿದ್ರೆ ಹತ್ರ ಬಂದು ಹೇಳ್ತೀನಿ."

ಎದ್ದು ಬಂದಳು. ನಿಜಕ್ಕೂ ಕಿವಿಯ ಹತ್ತಿರ ಬಾಯಿ ತಂದಳು. ಮೈಕಮ್ಮ ಬೈಗುಳಕ್ಕೆ ಮೈ ಗಟ್ಟಿಮಾಡಿಕೊಂಡಳು.

"ಆ ತಂಗಿ ಇದ್ದಾಳಲ್ಲ, ಊರಿಗೆ ಹೋಗ್ತೀನಿ ಅಂತ ಹೊರಟವಳು... ವಾಪಸ್ ಬಂದ್ಲಾ?"

"ಯಾವ ತಂಗಿ?"

"ಗಡಿಯಾರದಂಗಡಿಯವನ ತಂಗಿ. ಪಾಪ, ಅಣ್ಣನಿಗೆ ದಿನಾ ಊಟ ತರ್ತಿದ್ದವಳು."

ಮೈಕಮ್ಮನಿಗೆ ಆಗ ಹೊಳೆಯಿತು. ಮಧ್ಯಾಹ್ನಗಳಲ್ಲಿ ಗೋಡೆಗೆ ಒರಗಿ ಕೂತದ್ದು ಮುನಿಸಲ್ಲ. ಇಷ್ಟು ದಿನ ಗೋಡೆಯ ಆಚೆ ಒಬ್ಬಳು ಕೇಳುತ್ತ ಕೂತಿದ್ದಳು. ಮೈಕಮ್ಮನಿಗೆ ನಗು ಬಂತು, ನಾಚಿಕೆಯೂ ಆಯಿತು, ಎರಡರ ನಡುವೆ ಕಣ್ಣು ಒದ್ದೆಯಾಯಿತು.

"ಬಂದ್ಲು. ಮುಂದೆ ಏನಾಯ್ತು ಅಂತ ಮಾತ್ರ ಹೇಳಲ್ಲ."

"ಹೇಳಬೇಡಿ. ಓದಿ," ಎಂದು ಸೊಸೆ ಡಬ್ಬಿ ಕೈಗೆತ್ತಿಕೊಂಡಳು. "ಬನ್ನಿ. ಇಲ್ಲಿ ಬೇಡ, ಹತ್ತಿ ಹಾರುತ್ತೆ. ಅಡುಗೆಮನೆ ಮೇಜಿನ ಮೇಲೆ ಬಿಚ್ಚೋಣ."

ಮೊಮ್ಮಗಳು ಕಾಲೇಜಿಗೆ ಹೋಗುವ ಮುಂಚೆ ಎಲ್ಲವನ್ನೂ ಹೇಳಿಕೊಟ್ಟಿದ್ದಳು. ಮೊದಲು ಪೂರ್ತಿ ಆರಿಸಬೇಕು, ಚಾರ್ಜರ್ ಕೀಳಬೇಕು. ತಳದ ಮುಚ್ಚಳ ಎದ್ದ ಕೂಡಲೇ ಬ್ಯಾಟರಿಯ ವೈರು ಬಿಡಿಸಬೇಕು. ಹಿಂದಿನ ಸಾಲಿನ ಸ್ಕ್ರೂಗಳು ಉದ್ದ, ಮುಂದಿನವು ಗಿಡ್ಡ. ಉದ್ದದ್ದನ್ನು ಗಿಡ್ಡದ ಜಾಗಕ್ಕೆ ಹಾಕಿದರೆ ಆಚೆ ಕಡೆ ಚುಚ್ಚಿ ಹಾಳಾಗುತ್ತದೆ. ಸೊಸೆ ಒಂದು ತುಂಡು ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಲ್ಯಾಪ್‌ಟಾಪಿನ ಆಕಾರ ಬರೆದು, ಬಿಚ್ಚಿದ ಸ್ಕ್ರೂವನ್ನೆಲ್ಲ ಅದರದರ ಜಾಗದಲ್ಲೇ ಚುಚ್ಚಿ ನಿಲ್ಲಿಸುತ್ತ ಹೋದಳು. ಮೈಕಮ್ಮ ಮುಚ್ಚಳದ ಅಂಚಿಗೆ ಉಗುರು ಹಾಕಿ ಎತ್ತಿದಳು. ಟಕ್ಕೆಂದು ಸದ್ದಾಯಿತು.

"ಮುರೀತಾ?" ಎಂದಳು ಸೊಸೆ.

"ಕೊಕ್ಕೆ ಬಿಟ್ಕೊಂಡಿತು. ಹಾಗೇ ಸದ್ದು ಬರುತ್ತೆ ಅಂದಿದಾಳೆ ನಿನ್ನ ಮಗಳು."

"ನನ್ನ ಮಗಳು ನೂರು ಹೇಳ್ತಾಳೆ."

ಮುಚ್ಚಳ ಎದ್ದಿತು. ಬ್ಯಾಟರಿಯ ವೈರು ಬಿಡಿಸಿದರು. ಮೂಲೆಯಲ್ಲಿ ಅಂಗೈಗಿಂತ ಚಿಕ್ಕ ಫ್ಯಾನು, ರೆಕ್ಕೆಯಲ್ಲೆಲ್ಲ ಹತ್ತಿ ಸುತ್ತಿಕೊಂಡಿತ್ತು. ಫ್ಯಾನು ತಿರುಗದ ಹಾಗೆ ಮೈಕಮ್ಮ ಕಿರುಬೆರಳಲ್ಲಿ ಒತ್ತಿ ಹಿಡಿದಳು. ಸೊಸೆ ಬ್ರಷ್ಷಿನಲ್ಲಿ ರೆಕ್ಕೆಗಳ ಸಂದಿ ಸಂದಿಯನ್ನೂ ಗುಡಿಸಿದಳು. ಅಷ್ಟಕ್ಕೇ ಮುಗಿಯಲಿಲ್ಲ. ಫ್ಯಾನಿನ ಗಾಳಿ ಹೊರಗೆ ಹೋಗುವ ಕಡೆ ಬಾಚಣಿಗೆ ಹಲ್ಲಿನಂತೆ ಸಾಲಾಗಿ ತೆಳ್ಳನೆಯ ಲೋಹದ ಪಟ್ಟಿಗಳಿದ್ದವು. ಅವುಗಳ ಮುಂದೆ ಏನೋ ಅಡ್ಡ ಗೋಡೆಯಂತೆ ನಿಂತಿತ್ತು. ಮೈಕಮ್ಮ ಚಿಮುಟದಲ್ಲಿ ಅದರ ತುದಿ ಹಿಡಿದು ಮೆಲ್ಲಗೆ ಎಳೆದಳು. ಎಳೆದಷ್ಟೂ ಬಂತು, ಹರಿಯದೆ ಒಂದೇ ತುಂಡಾಗಿ ಬಂತು.

ಮೇಜಿನ ಮೇಲೆ ಹಾಸಿ ನೋಡಿದರೆ, ಗೊಂಬೆಗೆ ಹೊದಿಸುವಂಥ ಒಂದು ರಜಾಯಿ! ಹತ್ತಿ, ಹೊದಿಕೆ ಬಟ್ಟೆಯ ಬಣ್ಣದ ಎಳೆಗಳ ಜೊತೆ ಒತ್ತಿ ಒತ್ತಿ ಪದರಪದರವಾಗಿ ಗಟ್ಟಿಯಾಗಿತ್ತು.

"ಇದು ಲಾಡ್ಜಿನವರ ಕೆಂಪು," ಎಂದು ಮೈಕಮ್ಮ ಒಂದು ಪದರ ತೋರಿಸಿದಳು. "ನಿನ್ನ ಕೋಣೆಯಿಂದ ಬಂದಿದ್ದು."

"ಇದು ಆಸ್ಪತ್ರೆಯ ನೀಲಿ. ಹೊಲಿಗೆ ತಪ್ಪಿದ್ದು, ನಿಮ್ಮ ಗುಡಾರದ್ದು. ಸುತ್ತ ಹತ್ತಿ, ಮೇಲೆ ಹತ್ತಿ, ಮಡಿಲಲ್ಲಿ ಹತ್ತಿ. ಕಿಂಡಿಗೆ ದಿಂಬು ಒತ್ತಿ ಹಿಡಿದ ಹಾಗೆ ಕೂರಿಸ್ಕೊಂಡು, ಉಸಿರಾಡು ಅಂದ್ರೆ ಅದೇನು ಮಾಡುತ್ತೆ?"

"ಬೆಚ್ಚಗಿರ್ಲಿ ಅಂತ ಕಣೇ."

"ಹೂಂ, ಬೆಚ್ಚಗಾಯ್ತು."

ಇಬ್ಬರೂ ನಕ್ಕರು. ಎಷ್ಟು ದಿನಗಳಾಗಿದ್ದವೋ! ಆಗಲೇ ಮಗ, ಮಧ್ಯಾಹ್ನದ ಊಟಕ್ಕೆಂದು ಬಂದವನು, ಅಡುಗೆಮನೆಯ ಬಾಗಿಲಲ್ಲಿ ಹಾಗೇ ನಿಂತುಬಿಟ್ಟ. ಒಲೆಯ ಮೇಲೆ ಏನೂ ಇರಲಿಲ್ಲ. ಮೇಜಿನ ಮೇಲೆ ಲ್ಯಾಪ್‌ಟಾಪಿನ ಕರುಳು ಬಿಚ್ಚಿಕೊಂಡಿತ್ತು.

"ಬಿಚ್ಚಿಬಿಟ್ರಾ!"

"ಬಿಚ್ಚಿದ್ವಿ," ಎಂದಳು ಮೈಕಮ್ಮ.

"ಮುಟ್ಟಬೇಡ ಅಂದಿದ್ದೆ ನಾನು."

"ಅಂದಿದ್ದೆ. ಕೇಳಿಸ್ತು. ಕಿವಿ ಅಷ್ಟು ಚೆನ್ನಾಗಿದೆ."

"ಅಮ್ಮಾ, ನಾಡಿದ್ದು ಬಡಗಿ ಮೇಜು ತರ್ತಾನೆ. ಕೋಣೆ ಖಾಲಿ ಮಾಡ್ಬೇಕು. ಇವಳಿಗೆ ಜಾಗ ಇಲ್ದೆ ಎಷ್ಟು ಕಷ್ಟ ಆಗ್ತಿದೆ ಅಂತ—"

"ಯಾರಿಗೆ?" ಸೊಸೆ ಬ್ರಷ್ಷನ್ನು ಮೇಜಿಗೆ ಬಡಿದು ಧೂಳು ಕೊಡವಿದಳು. "ನನಗಾ? ನನ್ನ ಕೇಳಿದ್ರಾ?"

"ಕೇಳೋದೇನು? ನಿನಗೋಸ್ಕರನೇ—"

"ಆ ಕೋಣೇಲಿ ಇರೋದು ಒಂದು ಕಿಟಕಿ, ಅದೂ ಪಕ್ಕದ ಮನೆ ಗೋಡೆಗೆ. ಅಲ್ಲಿ ಕತ್ತರಿಸಿದ್ರೆ ನೀಲಿ ಯಾವ್ದು ಕಪ್ಪು ಯಾವ್ದು ಗೊತ್ತಾಗಲ್ಲ. ನನಗೆ ಬೆಳಕು ಬೇಕು, ಮುಂದಿನ ಕೋಣೇನೇ ಬೇಕು. ಮೇಜು ಅಲ್ಲಿಗೆ ಹಾಕ್ಸಿ. ನಿಮ್ಮ ಸೋಫಾ ತೆಗೀರಿ."

"ಸೋಫಾನಾ? ಮತ್ತೆ ನಾನೆಲ್ಲಿ ಕೂತ್ಕೊಳ್ಲಿ?"

"ಹಾಲಲ್ಲಿ ಮಂಚಕ್ಕೆ ಜಾಗ ಮಾಡಿದ್ರಲ್ಲ, ಅಲ್ಲಿ. ಟೀವಿನೂ ಹತ್ರ ಇರುತ್ತೆ."

ಮೈಕಮ್ಮ ತಲೆ ಬಗ್ಗಿಸಿ, ಬ್ಯಾಟರಿಯ ವೈರು ಮತ್ತೆ ಸಿಕ್ಕಿಸಿ, ಮುಚ್ಚಳ ಕೂರಿಸಿ ಸ್ಕ್ರೂ ಹಾಕತೊಡಗಿದಳು. ನಕ್ಕರೆ ಮಗನಿಗೆ ನೋವಾಗುತ್ತದೆ ಎಂದು ತುಟಿ ಕಚ್ಚಿಕೊಂಡಿದ್ದಳು. ಬಟ್ಟೆಯ ಮೇಲಿನ ಉದ್ದದ್ದು ಉದ್ದದ ಜಾಗಕ್ಕೆ, ಗಿಡ್ಡದ್ದು ಗಿಡ್ಡದ ಜಾಗಕ್ಕೆ ಹೋಯಿತು. ಕೊನೆಯ ಸ್ಕ್ರೂ ಬಿಗಿದು ಗುಂಡಿ ಒತ್ತಿದಾಗ ಮೂವರೂ ಉಸಿರು ಹಿಡಿದರು, ಬೇಡವೆಂದಿದ್ದವನೂ. ಪರದೆ ಬೆಳಗಿತು.

"ಸದ್ದಿದೆಯಾ?" ಎಂದು ಮೈಕಮ್ಮ ಸೊಸೆಯನ್ನು ಕೇಳಿದಳು. ಉತ್ತರಕ್ಕೆ ಕಾಯುವಷ್ಟು ತಾಳ್ಮೆ ಇರಲಿಲ್ಲ. ಹೊರತೆಗೆದ ಹತ್ತಿಯಿಂದ ಒಂದು ಎಳೆ ಕಿತ್ತು ಕಿಂಡಿಯ ಎದುರು ಹಿಡಿದಳು. ಎಳೆ ಎದ್ದು ಪಟಪಟ ಹಾರಾಡಿತು. ಅಂಗೈ ಹಿಡಿದಳು, ಬೆಚ್ಚನೆಯ ಗಾಳಿ ಸರಾಗವಾಗಿ ತಾಗಿತು. ಇನ್ನು ಯಾರ ಕಿವಿಯ ಹಂಗೂ ಬೇಕಿಲ್ಲ, ದಿನಾ ಓದುವ ಮುಂಚೆ ಒಂದು ಎಳೆ ಹಿಡಿದು ನೋಡಿದರೆ ಸಾಕು.

"ಇಲ್ಲ," ಎಂದಳು ಸೊಸೆ, ಕಿವಿ ಇಟ್ಟು ಕೇಳಿ. "ಸದ್ದೇ ಇಲ್ಲ."

ಮಗ ಪೆಚ್ಚಾಗಿ ನಿಂತಿದ್ದ. "ಊಟ?" ಎಂದ ಕೊನೆಗೆ.

"ಮೊಟ್ಟೆ ಇದೆ," ಎಂದಳು ಅವನ ಹೆಂಡತಿ. "ಬ್ರೆಡ್ಡೂ ಇದೆ. ನಿಮಗೆ ಮಾಡೋಕೆ ಬರುತ್ತಲ್ಲ."

ಅಂದಿನಿಂದ ಲ್ಯಾಪ್‌ಟಾಪು ಗುಡಾರದ ಹೊರಗೆ ಒಂದು ಹಲಗೆಯ ಮೇಲೆ ಕೂತಿತು, ಕಿಂಡಿಗಳಿಗೆ ಗಾಳಿ ಸಿಗುವ ಹಾಗೆ. ಉದ್ದನೆಯ ವೈರಿನ ತುದಿಯಲ್ಲಿ ಬರೀ ಮೈಕು ಮಾತ್ರ ಒಳಗೆ ಬಂತು. ಮಿಷನ್ನಿನ ಹೊತ್ತು ಮಿಷನ್ನಿಗೆ, ಓದಿನ ಹೊತ್ತು ಓದಿಗೆ ಎಂದಾಯಿತು. ಕೊನೆಯ ಅಧ್ಯಾಯದ ದಿನ ಸೊಸೆ ಗೋಡೆಯ ಆಚೆ ಕೂರಲಿಲ್ಲ. ಕೈಹೊಲಿಗೆ ಹಿಡಿದು ಹಿಂದಿನ ಕೋಣೆಗೇ ಬಂದು, ಗುಡಾರದ ಬಾಯಲ್ಲಿ ನೆಲಕ್ಕೆ ಕೂತಳು. ಮೈಕಮ್ಮ ತುಟಿಗೆ ಬೆರಳಿಟ್ಟು ತೋರಿಸಿದಳು. ಸೊಸೆ ತಲೆಯಾಡಿಸಿದಳು.

ಪತ್ತೇದಾರ ಎಲ್ಲರನ್ನೂ ಅಂಗಡಿಗೆ ಕರೆಸಿದ. ನಿಂತುಹೋದ ಗಡಿಯಾರವನ್ನು ತೋರಿಸಿದ. ಊಟದ ಬುತ್ತಿಯನ್ನು ಮೇಜಿನ ಮೇಲಿಟ್ಟ. ಆಮೇಲೆ ನಿಧಾನವಾಗಿ, ದಿನಾ ಊಟ ತರುತ್ತಿದ್ದ ತಂಗಿಯ ಕಡೆ ತಿರುಗಿದ.

"ಅಯ್ಯೋ ಮನೆಹಾಳಿ! ನೀನಾ!" ಎಂದು ಸೊಸೆ ಕೂಗಿಬಿಟ್ಟಳು.

ಆಮೇಲೆ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಮೈಕಮ್ಮ ನಿಲ್ಲಿಸಲಿಲ್ಲ. ಹೇಳಲು ಶುರು ಮಾಡಿದ ಮಾತನ್ನು ನಡುವೆ ನಿಲ್ಲಿಸಿ ಅವಳಿಗೆ ಅಭ್ಯಾಸವೇ ಇರಲಿಲ್ಲ. ಪುಸ್ತಕ ಮುಗಿಯುವ ತನಕ ಒಂದೇ ಉಸಿರಿಗೆ ಓದಿ, ಹಾಗೇ ಕಳಿಸಿದಳು.

ತಿಂಗಳು ಮುಗಿಯುವ ಮುಂಚೆಯೇ ಗುಮಾಸ್ತನ ಫೋನು ಬಂತು.

"ಮೇಡಂ, ಕೀರಲು ಪೂರ್ತಿ ಹೋಗಿದೆ. ಬಹಳ ಚೆನ್ನಾಗಿ ಬಂದಿದೆ. ಆದ್ರೆ ಒಂದು ಜಾಗದಲ್ಲಿ ಯಾರೋ ಹೆಂಗಸು ಕೂಗ್ತಾರೆ."

"ನನ್ನ ಸೊಸೆ."

"ಆ ಪುಟ ಒಂದು ಮತ್ತೆ ಓದಿ ಕಳಿಸ್ಬಿಡಿ."

"ಇಲ್ಲ."

"ಒಂದೇ ಪುಟ ಮೇಡಂ. ನಿಯಮ ಇದೆ, ಓದುವವರ ದನಿ ಬಿಟ್ಟು ಬೇರೆ—"

"ಕೀರಲು ಇತ್ತು, ತಪ್ಪಾಗಿತ್ತು, ತೆಗೆದು ಕಳಿಸ್ದೆ. ಇದು ತಪ್ಪಲ್ಲ. ಅಲ್ಲಿ ಕೂಗದೆ ಇರೋರು ಪುಸ್ತಕ ಕೇಳ್ತಾನೇ ಇಲ್ಲ ಅಂತ ಅರ್ಥ. ಅದು ಅಲ್ಲೇ ಇರುತ್ತೆ."

"ಮೇಲಿನವರು ಒಪ್ಪದಿದ್ರೆ?"

"ಮೊದಲಿಂದ ಬೇರೆಯವರ ಹತ್ರ ಓದಿಸ್ಕೊಳ್ಳಿ. ನಾನು ತೆಗೆಯಲ್ಲ."

ಮುಂದಿನ ಕೋಣೆಯಿಂದ ಸೊಸೆ ಓಡಿಬಂದಳು. ಅವಳ ಮುಖ ಕೆಂಪಾಗಿತ್ತು. "ಒಂದು ಪುಟ ತಾನೇ ಅತ್ತೆ, ಓದಿಬಿಡಿ. ತಿಂಗಳುಗಟ್ಟಲೆ ಓದಿದೀರಾ," ಎಂದು ಪಿಸುಗುಟ್ಟಿದಳು.

"ನೀನು ಸುಮ್ನಿರೆ," ಎಂದು ಮೈಕಮ್ಮ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು.

ಆಚೆ ಕಡೆ ಗುಮಾಸ್ತ ಗಂಟಲು ಸರಿಮಾಡಿಕೊಂಡ. "ಆಯ್ತು ಬಿಡಿ ಮೇಡಂ. ಇರ್ಲಿ. ಮೇಲಿನವರಿಗೆ ನಾನು ಹೇಳ್ಕೋತೀನಿ. ಮುಂದಿನ ಪುಸ್ತಕ ಯಾವ ಥರದ್ದು ಕಳಿಸ್ಲಿ?"

ಸೊಸೆ ಆಗಲೇ ಮಿಷನ್ನಿಗೆ ವಾಪಸ್ಸಾಗಿದ್ದಳು. ಮೈಕಮ್ಮ ಫೋನನ್ನು ದೂರ ಹಿಡಿದು, ಬಸ್ ನಿಲ್ದಾಣದ ತನ್ನ ಹಳೆಯ ದನಿಯನ್ನು ಪೂರ್ತಿ ಬಿಟ್ಟಳು.

"ಯಾವ ಪುಸ್ತಕ ಬೇಕು ಅಂತಾರೆ ಕಣೇ!"

ಮಿಷನ್ನು ನಿಂತಿತು.

"ಕೊಲೆ ಇರೋದು ಅತ್ತೆ!" ಎಂದು ಸೊಸೆ ಕೂಗಿ ಹೇಳಿದಳು, ಎದುರು ಮನೆಯವರಿಗೂ ಕೇಳುವ ಹಾಗೆ.